ಮನೆ ಥಿಯೇಟರಿಗೆ ಯಾವ ಆಕಾರದ ಪರದೆ? ಮೊದಲು ಗೋಡೆ ಅಳೆಯಿರಿ

ಪ್ರೊಜೆಕ್ಟರ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ. ಎಷ್ಟು ಲ್ಯೂಮೆನ್, ಅಂದರೆ ಎಷ್ಟು ಬೆಳಕು? ಎಷ್ಟು ಇಂಚಿನ ಪರದೆ? ಆಕಾರದ ಮಾತು ಬರುವುದು ಅಂಗಡಿಯಲ್ಲಿ, ಬಿಲ್ ಬರೆಯುವ ಹೊತ್ತಿಗೆ. ‘ಸ್ಕೋಪ್ ಹಾಕಿಸಿ ಸಾರ್, ಥಿಯೇಟರ್ ತರಹವೇ ಕಾಣುತ್ತದೆ’ ಎಂದು ಅಂಗಡಿಯವರು ಹೇಳುತ್ತಾರೆ (ಸ್ಕೋಪ್ ಅಂದರೆ ಸಿನಿಮಾದ ತುಂಬ ಅಗಲದ ಆಕಾರ), ನಾವು ಹೂಂ ಅನ್ನುತ್ತೇವೆ. ಆದರೆ ಪ್ರೊಜೆಕ್ಟರ್ ನಾಲ್ಕೈದು ವರ್ಷಕ್ಕೆ ಬದಲಾಗಬಹುದು, ಗೋಡೆಗೆ ಬಿಗಿದ ಪರದೆ ಮಾತ್ರ ಅಲ್ಲೇ ಉಳಿಯುತ್ತದೆ. ಆಕಾರದ ಬಗ್ಗೆ ಮನೆಯಲ್ಲೇ ಕೂತು, ಟೇಪ್ ಹಿಡಿದು, ಲೆಕ್ಕ ಹಾಕಿ ತೀರ್ಮಾನಿಸಬೇಕು.

ನನ್ನ ಅಭಿಪ್ರಾಯ ಈಗಲೇ ಹೇಳಿಬಿಡುತ್ತೇನೆ. ಮುಂಬೈಯ ಬಹುಪಾಲು ಫ್ಲ್ಯಾಟ್‌ಗಳಿಗೆ 16:9, ಅಂದರೆ ಈಗಿನ ಟಿವಿ ಆಕಾರದ ಪರದೆಯೇ ಸರಿ. ಯಾಕೆ ಅನ್ನುವುದು ಲೆಕ್ಕದಲ್ಲಿ ಗೊತ್ತಾಗುತ್ತದೆ. ನಿಮ್ಮ ಗೋಡೆ ಬೇರೆ ತರಹ ಇದ್ದರೆ ಅದೇ ಲೆಕ್ಕ ಬೇರೆ ಉತ್ತರ ಕೊಡುತ್ತದೆ.

ಯಾವ ಯಾವ ಆಕಾರಗಳಿವೆ?

ಎತ್ತರವನ್ನು 1 ಎಂದು ಇಟ್ಟುಕೊಂಡರೆ ಅಗಲ ಎಷ್ಟು ಅನ್ನುವುದೇ ಆಕಾರದ ಲೆಕ್ಕ. ಹಳೆಯ ಡಬ್ಬಾ ಟಿವಿಯದ್ದು 4:3, ಅಂದರೆ 1.33. ಈಗಿನ ಟಿವಿ, ಅಡ್ಡ ಹಿಡಿದು ತೆಗೆದ ಮೊಬೈಲ್ ವಿಡಿಯೊ, ಕ್ರಿಕೆಟ್ ಎಲ್ಲ 16:9, ಅಂದರೆ 1.78. ಸಿನಿಮಾದಲ್ಲಿ ಮುಖ್ಯವಾಗಿ ಎರಡು ಬಗೆ: 1.85 ಮತ್ತು ಸ್ಕೋಪ್, ಅಂದರೆ 2.39. ಈಚಿನ ಎಷ್ಟೋ ವೆಬ್ ಸರಣಿಗಳು ಇವೆರಡರ ನಡುವೆ, 2:1 ಆಕಾರದಲ್ಲಿ ಬರುತ್ತಿವೆ.

ಸ್ಕೋಪ್ ಹುಟ್ಟಿದ್ದೇ ಟಿವಿಗೆ ಪೈಪೋಟಿಯಾಗಿ. ಅಮೆರಿಕದಲ್ಲಿ ಜನ ಮನೆಯಲ್ಲಿ ಟಿವಿ ಮುಂದೆ ಕೂತುಬಿಟ್ಟಾಗ, ಅವರನ್ನು ಮತ್ತೆ ಥಿಯೇಟರಿಗೆ ಕರೆತರಲು 1953ರಲ್ಲಿ ಸಿನಿಮಾಸ್ಕೋಪ್ ಬಂತು. ನಮ್ಮಲ್ಲಿ ಅದು ಮೊದಲು ಬಂದದ್ದು 1959ರಲ್ಲಿ, ಇದೇ ಮುಂಬೈಯಲ್ಲಿ ತಯಾರಾದ ‘ಕಾಗಜ್ ಕೆ ಫೂಲ್’ ಮೂಲಕ. ನಿರ್ದೇಶಕ ಗುರುದತ್ ಹುಟ್ಟಿದ್ದು ಬೆಂಗಳೂರಿನಲ್ಲಿ. ಕ್ಯಾಮೆರಾ ಹಿಡಿದ ವಿ.ಕೆ. ಮೂರ್ತಿ ಮೈಸೂರಿನವರು, ಮುಂದೆ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. ಭಾರತದ ಮೊದಲ ಅಗಲ ಪರದೆಯ ಚಿತ್ರವನ್ನು ಸೆರೆಹಿಡಿದದ್ದು ನಮ್ಮ ಮೈಸೂರಿನವರು ಅನ್ನುವುದು ಮುಂಬೈ ಕನ್ನಡಿಗರು ಹೆಮ್ಮೆಯಿಂದ ಹೇಳಿಕೊಳ್ಳಬೇಕಾದ ವಿಷಯ. ಆ ಕಪ್ಪು ಬಿಳುಪು ಚಿತ್ರದಲ್ಲಿ ಖಾಲಿ ಸ್ಟುಡಿಯೊದೊಳಗೆ ಬೆಳಕಿನ ಕೋಲು ಇಳಿಯುವ ದೃಶ್ಯವನ್ನು ಪೂರ್ತಿ ಅಗಲದಲ್ಲಿ ನೋಡಬೇಕು. ಸ್ಕೋಪ್ ಪರದೆಯ ಆಸೆ ಯಾಕೆ ಹುಟ್ಟುತ್ತದೆ ಅನ್ನುವುದು ಆಗ ತಿಳಿಯುತ್ತದೆ.

ಹಂತ 1: ಮನೆಯಲ್ಲಿ ಏನೇನು ನೋಡುತ್ತೀರಿ, ಬರೆದಿಡಿ

ಎರಡು ವಾರ ಮನೆಯವರೆಲ್ಲ ಟಿವಿಯಲ್ಲಿ ಏನು ನೋಡಿದರು ಎಂದು ಒಂದು ಕಾಗದದಲ್ಲಿ ಗುರುತು ಹಾಕಿಕೊಳ್ಳಿ. ‘ನಾನು ಸಿನಿಮಾ ಮಾತ್ರ ನೋಡುವುದು’ ಅನ್ನುವವರ ಮನೆಯಲ್ಲೂ ಐಪಿಎಲ್ ಸಮಯದಲ್ಲಿ ದಿನಾ ಸಂಜೆ ಕ್ರಿಕೆಟ್ ಇರುತ್ತದೆ. ಅಮ್ಮನಿಗೆ ಸೀರಿಯಲ್ ಬೇಕು, ಮಕ್ಕಳಿಗೆ ವಿಡಿಯೊ ಗೇಮ್ ಬೇಕು. ಕರಾವಳಿಯಿಂದ ಬಂದ ಮನೆಯಾದರೆ ಶನಿವಾರ ರಾತ್ರಿ ಯೂಟ್ಯೂಬಿನಲ್ಲಿ ಯಕ್ಷಗಾನ ಇದ್ದೇ ಇದೆ. ಇವೆಲ್ಲ 16:9. ಡಾ. ರಾಜ್ ಅವರ ಕಪ್ಪು ಬಿಳುಪು ಚಿತ್ರಗಳು, ಕ್ಯಾಸೆಟ್‌ನಿಂದ ಪೆನ್‌ಡ್ರೈವಿಗೆ ಹಾಕಿಸಿಕೊಂಡ ಮದುವೆ ವಿಡಿಯೊ, ಇವು ಹೆಚ್ಚುಕಡಿಮೆ 4:3. ಈಗಿನ ಕನ್ನಡ, ಹಿಂದಿ ಚಿತ್ರಗಳು ಹೆಚ್ಚಾಗಿ ಸ್ಕೋಪ್.

ಪಟ್ಟಿಯಲ್ಲಿ ಮುಕ್ಕಾಲು ಪಾಲು ಸ್ಕೋಪ್ ಚಿತ್ರಗಳೇ ಇದ್ದರೆ ಮಾತ್ರ ಅಗಲ ಪರದೆಯ ಯೋಚನೆ ಮುಂದುವರಿಸಿ.

ಹಂತ 2: ಗೋಡೆಯಲ್ಲಿ ಯಾವುದು ಕಡಿಮೆ, ಅಗಲವೋ ಎತ್ತರವೋ?

ಇಡೀ ವಿಷಯ ನಿಂತಿರುವುದು ಇದರ ಮೇಲೆ. ಉಳಿದದ್ದೆಲ್ಲ ಆಮೇಲೆ.

ಗೋಡೆಯ ಪೂರ್ತಿ ಅಳತೆ ನಮಗೆ ಬೇಕಿಲ್ಲ. ಪರದೆಗೆ ನಿಜವಾಗಿ ಸಿಗುವ ಜಾಗ ಬೇಕು. ಅಗಲದಲ್ಲಿ ಎರಡೂ ಕಡೆ ಸ್ಪೀಕರಿಗೆ ಒಂದೊಂದು ಅಡಿ ಬಿಡಿ. ಬಾಗಿಲು ತೆರೆಯುವ ಜಾಗ, ಬಾಲ್ಕನಿಯ ಸ್ಲೈಡಿಂಗ್ ಕಿಟಕಿ, ಕಿಟಕಿಯ ಕರ್ಟನ್ ಸರಿಸಿ ಇಡುವ ಮೂಲೆ, ಇವನ್ನೂ ಕಳೆಯಿರಿ. ಎತ್ತರದಲ್ಲಿ ಮೇಲಿಂದ ಬೀಮ್, ಏಸಿ, ಪಿಒಪಿ ಸೀಲಿಂಗ್ ಎಷ್ಟು ಇಳಿದಿವೆ ನೋಡಿ. ಕೆಳಗೆ ನೆಲದಿಂದ ಎರಡು, ಎರಡೂವರೆ ಅಡಿ ಬಿಡಬೇಕು. ಸೋಫಾದಲ್ಲಿ ಕೂತಾಗ ಕಣ್ಣು ಪರದೆಯ ಕೆಳಗಿನ ಮೂರನೇ ಒಂದು ಭಾಗದ ನೇರಕ್ಕೆ ಬಂದರೆ ಕುತ್ತಿಗೆಗೆ ಆರಾಮ.

ಈಗ ಒಂದು ಉದಾಹರಣೆ. ಡೊಂಬಿವಲಿಯಲ್ಲೋ ಮೀರಾ ರೋಡ್‌ನಲ್ಲೋ ಒಂದು ಸಾಮಾನ್ಯ ಫ್ಲ್ಯಾಟ್. ಹಾಲಿನ ಗೋಡೆ 10 ಅಡಿ ಅಗಲ, 9 ಅಡಿ ಎತ್ತರ. ಸ್ಪೀಕರ್ ಜಾಗ ಕಳೆದರೆ 8 ಅಡಿ, ಅಂದರೆ 96 ಇಂಚು ಅಗಲ ಸಿಗುತ್ತದೆ. ಆ ಅಗಲಕ್ಕೆ 16:9 ಪರದೆ ಹಾಕಿದರೆ ಎತ್ತರ 54 ಇಂಚು. ಮೂಲೆಯಿಂದ ಮೂಲೆಗೆ 110 ಇಂಚು. ಅದೇ ಅಗಲಕ್ಕೆ ಸ್ಕೋಪ್ ಹಾಕಿದರೆ ಎತ್ತರ ಸುಮಾರು 40 ಇಂಚು.

ಸ್ಕೋಪ್ ಸಿನಿಮಾ ಹಾಕಿ ನೋಡೋಣ. ಸ್ಕೋಪ್ ಪರದೆಯ ಮೇಲೆ ಚಿತ್ರ 96 ಇಂಚು ಅಗಲ, 40 ಇಂಚು ಎತ್ತರ. 16:9 ಪರದೆಯ ಮೇಲೂ ಅಷ್ಟೇ! ಮೇಲೆ ಕೆಳಗೆ ಏಳೇಳು ಇಂಚಿನ ಕಪ್ಪು ಪಟ್ಟಿ ಉಳಿಯುತ್ತದೆ, ಅದೊಂದೇ ವ್ಯತ್ಯಾಸ. ಸಿನಿಮಾ ಒಂದು ಇಂಚೂ ದೊಡ್ಡದಾಗಲಿಲ್ಲ. ಈಗ ಕ್ರಿಕೆಟ್ ಹಾಕಿ. 16:9 ಪರದೆ ಪೂರ್ತಿ ತುಂಬುತ್ತದೆ. ಸ್ಕೋಪ್ ಪರದೆಯಲ್ಲಿ ಎತ್ತರ 40 ಇಂಚಿಗೇ ನಿಲ್ಲುವುದರಿಂದ ಅಗಲ 71 ಇಂಚಿಗೆ ಇಳಿಯುತ್ತದೆ. 110 ಇಂಚಿನ ಬದಲು 82 ಇಂಚಿನ ಚಿತ್ರ. ವಿಸ್ತೀರ್ಣ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಅರ್ಧ ಹೋಯಿತು. ಹಳೆಯ ಕಪ್ಪು ಬಿಳುಪು ಚಿತ್ರವಂತೂ 53 ಇಂಚು ಅಗಲಕ್ಕೆ ಕುಗ್ಗುತ್ತದೆ. ಅಷ್ಟಕ್ಕೆ ಪ್ರೊಜೆಕ್ಟರ್ ಯಾಕೆ ಬೇಕು, ಅಲ್ವಾ?

ಅಗಲ ಕಡಿಮೆ ಇರುವ ಕಡೆ ಸ್ಕೋಪ್ ಪರದೆ ಏನನ್ನೂ ಕೊಡುವುದಿಲ್ಲ, ಬರೀ ಎತ್ತರವನ್ನು ಕತ್ತರಿಸುತ್ತದೆ. ಮುಂಬೈಯಲ್ಲಿ ಕಡಿಮೆ ಇರುವುದು ಅಗಲವೇ. ಹಳೆಯ ಚಾಳ್‌ಗಳ (ಸಾಲು ಕೋಣೆಗಳ ಕಟ್ಟಡ) ಕೋಣೆಗಳಲ್ಲಂತೂ ಸೀಲಿಂಗ್ ಎಷ್ಟೋ ಎತ್ತರ, ಗೋಡೆ ಮಾತ್ರ ಹತ್ತು ಅಡಿ.

ಇನ್ನು ಇದರ ಉಲ್ಟಾ. ಜೋಡಿ ಫ್ಲ್ಯಾಟ್ ಮಾಡಿಸಿ ನಡುವಿನ ಗೋಡೆ ಒಡೆಸಿದ್ದೀರಿ, ಗೋಡೆ 13 ಅಡಿ ಅಗಲ ಇದೆ. ಆದರೆ ಮೇಲೆ ದೊಡ್ಡ ಬೀಮ್, ಕೆಳಗೆ ಉದ್ದಕ್ಕೆ ಕ್ಯಾಬಿನೆಟ್. ನಡುವೆ ಸಿಗುವುದು 48 ಇಂಚು ಎತ್ತರ. ಇಲ್ಲಿ 16:9 ಹಾಕಿದರೆ ಅಗಲ 85 ಇಂಚು ಮಾತ್ರ. ಸ್ಕೋಪ್ ಹಾಕಿದರೆ 115 ಇಂಚು. ಕ್ರಿಕೆಟ್ ಎರಡರಲ್ಲೂ ಒಂದೇ ಗಾತ್ರ. ಸ್ಕೋಪ್ ಸಿನಿಮಾದ ವಿಸ್ತೀರ್ಣ ಮಾತ್ರ 16:9ರಲ್ಲಿ ಸಿಗುವುದಕ್ಕಿಂತ ಸುಮಾರು 1.8 ಪಟ್ಟು. ಇಂಥ ಗೋಡೆ ನಿಮ್ಮದಾದರೆ ಸ್ಕೋಪ್ ಪರದೆ ಹಾಕಿಸಿ, ಕಣ್ಣಿಗೆ ಹಬ್ಬ. ಆದರೆ ಮೊದಲು ಮೂರನೇ ಹಂತ ಓದಿ.

ಹಂತ 3: ಪ್ರೊಜೆಕ್ಟರಿಗೆ ಇದು ಸಾಧ್ಯವಾ?

ಮನೆ ಬಳಕೆಯ ಪ್ರೊಜೆಕ್ಟರಿನ ಒಳಗೆ ಚಿತ್ರ ಮೂಡಿಸುವ ಚಿಪ್ ಹೆಚ್ಚಾಗಿ 16:9 ಆಕಾರದ್ದೇ. ಫುಲ್ ಎಚ್‌ಡಿಯಾದರೆ 1920 × 1080. ಸ್ಕೋಪ್ ಸಿನಿಮಾ ಬಂದಾಗ 1080 ಸಾಲುಗಳಲ್ಲಿ 803 ಮಾತ್ರ ಚಿತ್ರಕ್ಕೆ. ಉಳಿದವು ಕಪ್ಪು. ಸ್ಕೋಪ್ ಪರದೆ ತುಂಬಬೇಕಾದರೆ ಲೆನ್ಸನ್ನು ಜೂಮ್ ಮಾಡಿ ಚಿತ್ರವನ್ನು ಹಿಗ್ಗಿಸಬೇಕು. ಮೇಲಿನ ಕೆಳಗಿನ ಕಪ್ಪು ಪಟ್ಟಿ ಆಗ ಪರದೆಯ ಆಚೆ, ಗೋಡೆಯ ಮೇಲೆ ಬೀಳುತ್ತದೆ.

ಇದಕ್ಕೆ ಕಡಿಮೆ ಅಂದರೂ 1.35 ಪಟ್ಟು ಜೂಮ್ ಬೇಕು. ಕಡಿಮೆ ಬೆಲೆಯ ಎಷ್ಟೋ ಮಾಡೆಲ್‌ಗಳಲ್ಲಿ 1.1, 1.2 ಇರುತ್ತದೆ, ಸಾಲದು. ಜೂಮ್ ಇದ್ದರೂ ಅದು ಕೈಯಿಂದ ತಿರುಗಿಸುವುದಾದರೆ, ಕ್ರಿಕೆಟ್‌ನಿಂದ ಸಿನಿಮಾಕ್ಕೆ ಹೋಗುವಾಗೆಲ್ಲ ಸ್ಟೂಲ್ ಹತ್ತಿ ಜೂಮ್, ಫೋಕಸ್, ಲೆನ್ಸ್ ಶಿಫ್ಟ್ (ಚಿತ್ರವನ್ನು ಮೇಲೆ ಕೆಳಗೆ ಸರಿಸುವುದು) ಮೂರನ್ನೂ ಸರಿಮಾಡಬೇಕು. ಒಂದು ತಿಂಗಳು ಮಾಡುತ್ತೀರಿ, ಆಮೇಲೆ ಬಿಡುತ್ತೀರಿ. ದುಬಾರಿ ಮಾಡೆಲ್‌ಗಳಲ್ಲಿ ಈ ಮೂರನ್ನೂ ನೆನಪಿಟ್ಟುಕೊಳ್ಳುವ ಲೆನ್ಸ್ ಮೆಮೊರಿ ಇರುತ್ತದೆ, ರಿಮೋಟ್ ಒತ್ತಿದರೆ ಸಾಕು. ಇನ್ನೊಂದು ದಾರಿ ಅನಾಮಾರ್ಫಿಕ್ ಲೆನ್ಸ್. ಪ್ರೊಜೆಕ್ಟರ್ ಚಿತ್ರವನ್ನು ಮೇಲೆ ಕೆಳಗೆ ಎಳೆದು ಚಿಪ್ ಪೂರ್ತಿ ತುಂಬುತ್ತದೆ, ಮುಂದಿನ ಲೆನ್ಸ್ ಅದನ್ನು ಅಡ್ಡಕ್ಕೆ ಎಳೆದು ಸರಿಮಾಡುತ್ತದೆ. ಚೆನ್ನಾಗಿರುತ್ತದೆ, ಬೆಲೆಯೂ ಜೋರು.

ಗೋಡೆಯ ಬುಡದಲ್ಲಿಟ್ಟು ಓಡಿಸುವ ಅಲ್ಟ್ರಾ ಶಾರ್ಟ್ ಥ್ರೋ ಪ್ರೊಜೆಕ್ಟರ್‌ಗಳಲ್ಲಿ ಸಾಮಾನ್ಯವಾಗಿ ಈ ಜೂಮ್ ಇರುವುದೇ ಇಲ್ಲ. ಅವಕ್ಕೆ 16:9 ಪರದೆಯೇ. ಹಳೆಯ ಆಫೀಸ್ ಪ್ರೊಜೆಕ್ಟರ್ ಅಗ್ಗಕ್ಕೆ ಸಿಕ್ಕಿದೆ ಅನ್ನುವವರು ಅದರ ಮೂಲ ರೆಸಲ್ಯೂಶನ್ ನೋಡಿಕೊಳ್ಳಿ. 1024 × 768 ಇದ್ದರೆ 4:3, 1280 × 800 ಇದ್ದರೆ 16:10.

ಸ್ಕೋಪ್ ಪರದೆಯ ಇನ್ನೊಂದು ತೊಂದರೆಯನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಅದು ಸಬ್‌ಟೈಟಲ್‌ನದ್ದು. ಮಲಯಾಳಂ, ಮರಾಠಿ ಚಿತ್ರಗಳನ್ನು ನಾವು ಸಬ್‌ಟೈಟಲ್ ಹಾಕಿಕೊಂಡೇ ನೋಡುವುದು ಜಾಸ್ತಿ. ಎಷ್ಟೋ ಸಲ ಅದರ ಎರಡನೇ ಸಾಲು ಕೆಳಗಿನ ಕಪ್ಪು ಪಟ್ಟಿಯೊಳಗೆ ಬರುತ್ತದೆ. ಜೂಮ್ ಮಾಡಿದಾಗ ಆ ಸಾಲು ಪರದೆ ದಾಟಿ ಗೋಡೆಗೆ ಹೋಗುತ್ತದೆ. ಮಾತಿನ ಅರ್ಧ ಪರದೆಯ ಮೇಲೆ, ಅರ್ಧ ಕ್ಯಾಬಿನೆಟ್ ಮೇಲೆ. ಕೆಲವು ಪ್ಲೇಯರ್‌ಗಳಲ್ಲಿ ಸಬ್‌ಟೈಟಲನ್ನು ಮೇಲೆ ಸರಿಸಬಹುದು, ಓಟಿಟಿ ಆ್ಯಪ್‌ಗಳಲ್ಲಿ ಎಲ್ಲ ಕಡೆ ಆ ಸೌಲಭ್ಯ ಇರುವುದಿಲ್ಲ. ಬೇರೆ ಭಾಷೆಯ ಚಿತ್ರ ಹೆಚ್ಚು ನೋಡುವ ಮನೆಗೆ ಇದೊಂದೇ ಕಾರಣ ಸಾಕು, 16:9 ಆರಿಸಿಕೊಳ್ಳಲು.

ಹಂತ 4: ಕೊಳ್ಳುವ ಮುಂಚೆ ಗೋಡೆಯ ಮೇಲೆ ಗೆರೆ ಹಾಕಿ

ಪೇಂಟರ್‌ಗಳು ಬಳಸುವ ಕಾಗದದ ಟೇಪ್ ತನ್ನಿ. ಬಣ್ಣ ಕೀಳದೆ ಬಿಡುತ್ತದೆ. ಮೊದಲು 16:9 ಚೌಕಟ್ಟನ್ನು ಅಂಟಿಸಿ, ಅದರೊಳಗೆ ಸ್ಕೋಪ್ ಅಳತೆಯ ಇನ್ನೊಂದು. ಹಾಗೇ ಎರಡು ದಿನ ಬಿಡಿ. ಸೋಫಾದಲ್ಲಿ ಕೂತು ನೋಡಿ, ನೆಲದ ಮೇಲೆ ಚಾಪೆ ಹಾಸಿ ಕೂತು ನೋಡಿ. ಫ್ಯಾನಿನ ರೆಕ್ಕೆ ಅಡ್ಡ ಬರುತ್ತದಾ, ಬಾಗಿಲು ತೆರೆದರೆ ಮೂಲೆಗೆ ತಾಗುತ್ತದಾ ಗಮನಿಸಿ. ಪ್ರೊಜೆಕ್ಟರ್ ಆಗಲೇ ಇದ್ದರೆ ಬಿಳಿ ಗೋಡೆಯ ಮೇಲೇ ಒಂದು ವಾರ ಸಿನಿಮಾ ಓಡಿಸಿ.

ಕೂರುವ ದೂರಕ್ಕೂ ಒಂದು ಲೆಕ್ಕ ಇದೆ. ಪರದೆಯ ಅಗಲವನ್ನು 1.4ರಿಂದ ಗುಣಿಸಿದರೆ ಬರುವಷ್ಟು ದೂರದಲ್ಲಿ ಕೂತರೆ ಥಿಯೇಟರಿನ ನಡುವಿನ ಸಾಲಿನ ಅನುಭವ. 1.9ರಿಂದ ಗುಣಿಸಿದ್ದಕ್ಕಿಂತ ಹಿಂದೆ ಹೋದರೆ ಚಿತ್ರ ಚಿಕ್ಕದು ಅನ್ನಿಸುತ್ತದೆ. 8 ಅಡಿ ಅಗಲದ ಪರದೆಗೆ ಇದು 11ರಿಂದ 15 ಅಡಿ. ನಮ್ಮ ಹಾಲ್‌ಗಳ ಉದ್ದಕ್ಕೆ ಸರಿಹೊಂದುವ ಅಳತೆಯೇ. ಉದ್ದ 10 ಅಡಿ ಮಾತ್ರ ಇದ್ದರೆ ಪರದೆಯನ್ನು 7 ಅಡಿಗೆ ಇಳಿಸಿ.

ಹಂತ 5: ಕಪ್ಪು ಪಟ್ಟಿಗೆ ಮಖಮಲ್ ಬಟ್ಟೆ

16:9 ಬೇಡ ಅನ್ನುವವರ ದೂರು ಒಂದೇ. ಆ ಕಪ್ಪು ಪಟ್ಟಿಗಳು ಪೂರ್ತಿ ಕಪ್ಪಾಗಿರುವುದಿಲ್ಲ, ಬೂದು ಬಣ್ಣಕ್ಕೆ ತಿರುಗಿ ಕಣ್ಣಿಗೆ ಚುಚ್ಚುತ್ತವೆ. ದೂರು ನಿಜ. ಪ್ರೊಜೆಕ್ಟರ್ ಪೂರ್ತಿ ಕತ್ತಲೆಯನ್ನು ತೋರಿಸಲಾರದು.

ಇದಕ್ಕೆ ಸುಲಭದ ಉಪಾಯ ಇದೆ. ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಮಂಗಲ್‌ದಾಸ್ ಮಾರ್ಕೆಟಿಗೆ ಹೋಗಿ ಕಪ್ಪು ಮಖಮಲ್ ತನ್ನಿ. ಹೊಳೆಯುವ ಬಟ್ಟೆ ಬೇಡ, ಬೆಳಕನ್ನು ಹೀರಿಕೊಳ್ಳುವಂಥದ್ದು ಬೇಕು. ಮೊಬೈಲ್ ಟಾರ್ಚ್ ಹಿಡಿದರೆ ಅಲ್ಲೇ ಗೊತ್ತಾಗುತ್ತದೆ. ನಮ್ಮ 96 ಇಂಚಿನ ಪರದೆಗೆ ಎರಡು ಹಗುರ ಫೋಮ್ ಬೋರ್ಡ್ ಪಟ್ಟಿ ಮಾಡಿಸಿ, ಒಂದೊಂದೂ 96 ಇಂಚು ಉದ್ದ, 7 ಇಂಚು ಅಗಲ. ಅದರ ಮೇಲೆ ಮಖಮಲ್ ಎಳೆದು ಹಿಂದೆ ಅಂಟಿಸಿ. ಪರದೆಯ ಚೌಕಟ್ಟು ಕಬ್ಬಿಣದ್ದಾದರೆ ಆಯಸ್ಕಾಂತ, ಅಲ್ಯೂಮಿನಿಯಂ ಆದರೆ ವೆಲ್ಕ್ರೊ. ಸ್ಕೋಪ್ ಸಿನಿಮಾ ಹಾಕುವಾಗ ಮೇಲೊಂದು ಕೆಳಗೊಂದು ಸಿಕ್ಕಿಸಿ. ಕಪ್ಪು ಅಂಚಿನ ನಡುವೆ ಚಿತ್ರ ಎದ್ದು ಕಾಣುತ್ತದೆ, ಥಿಯೇಟರಿನಲ್ಲಿ ಪರದೆಯ ಪಕ್ಕದ ಕಪ್ಪು ಬಟ್ಟೆ ಮಾಡುವುದೂ ಇದನ್ನೇ. ಕ್ರಿಕೆಟ್ ಬಂದಾಗ ತೆಗೆದು ಸೋಫಾ ಹಿಂದೆ ಇಡಿ. ಸಬ್‌ಟೈಟಲ್ ಬೇಕಾದ ದಿನ ಕೆಳಗಿನದನ್ನು ಸಿಕ್ಕಿಸಬೇಡಿ, ಮೇಲಿನದು ಸಾಕು.

ಹಂತ 6: ಆರ್ಡರ್ ಕೊಡುವಾಗ

ಲ್ಯಾಮಿಂಗ್ಟನ್ ರೋಡ್‌ನಲ್ಲಿ ಕೊಳ್ಳಿ, ಆನ್‌ಲೈನ್‌ನಲ್ಲಿ ಕೊಳ್ಳಿ, ‘110 ಇಂಚು’ ಎಂದಷ್ಟೇ ಹೇಳಬೇಡಿ. 110 ಇಂಚಿನ 4:3 ಪರದೆ 88 ಇಂಚು ಅಗಲ, 66 ಇಂಚು ಎತ್ತರ. 16:9ಕ್ಕೆ ಅದೇ 96, 54. ಚಿತ್ರ ಬೀಳುವ ಜಾಗದ ಅಗಲ, ಎತ್ತರ ಎರಡನ್ನೂ ಇಂಚಿನಲ್ಲಿ ಬಿಲ್ ಮೇಲೆ ಬರೆಸಿಕೊಳ್ಳಿ. ಸುತ್ತಲಿನ ಕಪ್ಪು ಅಂಚು ಇದರಲ್ಲಿ ಸೇರಿಲ್ಲ ಎಂದೂ ಬರೆಸಿ.

ಮೋಟಾರ್ ಪರದೆಯಾದರೆ ಅದರ ಡಬ್ಬಿ ಚಿತ್ರಕ್ಕಿಂತ ಉದ್ದ ಇರುತ್ತದೆ. 8 ಅಡಿ ಚಿತ್ರಕ್ಕೆ ಹತ್ತಿರ ಹತ್ತಿರ 9 ಅಡಿ. ಅಷ್ಟುದ್ದದ ಡಬ್ಬಿ ನಮ್ಮ ಲಿಫ್ಟ್‌ಗಳಲ್ಲಿ ಹಿಡಿಸುವುದು ಕಷ್ಟ. ಮೆಟ್ಟಿಲಿನ ತಿರುವಿನಲ್ಲಿ ತಿರುಗುತ್ತದಾ ಎಂದು ಮೊದಲೇ ಅಳೆದಿಡಿ, ಹತ್ತನೇ ಮಹಡಿಯವರು ಮುಖ್ಯವಾಗಿ. ಬಿಡಿ ಭಾಗಗಳಾಗಿ ಬಂದು ಮನೆಯಲ್ಲೇ ಜೋಡಿಸುವ ಫಿಕ್ಸೆಡ್ ಫ್ರೇಮಿಗೆ ಈ ಕಷ್ಟ ಇಲ್ಲ. ಬಟ್ಟೆ ನಾಲ್ಕೂ ಕಡೆ ಎಳೆದು ನಿಲ್ಲುವುದರಿಂದ ಮಳೆಗಾಲದ ತೇವಕ್ಕೂ ಸುಕ್ಕಾಗುವುದಿಲ್ಲ. ಸುತ್ತುವ ಪರದೆಯೇ ಬೇಕಾದರೆ ಎರಡೂ ಅಂಚಿಗೆ ದಾರ ಎಳೆದಿರುವ ಟ್ಯಾಬ್ ಟೆನ್ಶನ್ ತಗೊಳ್ಳಿ. ಜುಲೈಯಲ್ಲಿ ಒದ್ದೆಯಾದ ಗೋಡೆಯ ಮೇಲೆ ಯಾವುದನ್ನೂ ಹಾಕಿಸಬೇಡಿ, ಹಿಂದೆ ಬೂಷ್ಟು ಹಿಡಿಯುತ್ತದೆ.

ಮೋಟಾರ್ ಡಬ್ಬಿಯನ್ನು ಪಿಒಪಿಗೆ ನೇತುಹಾಕಲು ಬಿಡಬೇಡಿ, ಮೊಳೆ ಸ್ಲ್ಯಾಬಿಗೆ ಹೋಗಬೇಕು. ಗೋಡೆ ಸಿಪೋರೆಕ್ಸ್, ಅಂದರೆ ಹಗುರ ಕಾಂಕ್ರೀಟ್ ಇಟ್ಟಿಗೆಯದಾದರೆ ಅದಕ್ಕೆ ಬೇರೆಯದೇ ಆ್ಯಂಕರ್ ಬರುತ್ತದೆ, ಡ್ರಿಲ್ ಮಾಡುವವರಿಗೆ ಮೊದಲೇ ತಿಳಿಸಿ. ಪರದೆ ಬಂದ ದಿನ, ಗೋಡೆಗೆ ಏರಿಸುವ ಮುಂಚೆ ನೆಲದ ಮೇಲೆ ಚಾದರ ಹಾಸಿ ಬಿಚ್ಚಿ, ಒಂದು ಮೂಲೆಯಿಂದ ಎದುರು ಮೂಲೆಗೆ, ಮತ್ತೆ ಇನ್ನೆರಡು ಮೂಲೆಗಳ ನಡುವೆ ಟೇಪ್ ಹಿಡಿಯಿರಿ. ಎರಡೂ ಅಳತೆ ಒಂದೇ ಬಂದರೆ ಚೌಕಟ್ಟು ನೇರ ಇದೆ. ಕಾಲು ಇಂಚಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮೂಲೆಯ ಸ್ಕ್ರೂ ಸಡಿಲಿಸಿ ಮತ್ತೆ ಜೋಡಿಸಿ, ಆಮೇಲೆ ಡ್ರಿಲ್ ಮಾಡಿಸಿ.