ಫರ್ಬಿ, ಐಬೋ ಸಾಕುವವರಿಗೆ ಒಬ್ಬ ವಾಚ್ ರಿಪೇರಿಯವನ ಮಾತು

ನಿಮ್ಮ ಮನೆಯ ಅಟ್ಟದಲ್ಲೋ ಕಪಾಟಿನಲ್ಲೋ ಫರ್ಬಿ, ಐಬೋ ಥರದ ಹಳೆಯ ರೋಬೋ ಪ್ರಾಣಿ, ಅಂದರೆ ತಾನೇ ಆಡುವ, ಕೂಗುವ ಯಂತ್ರದ ಗೊಂಬೆ, ಏನಾದರೂ ಇದೆಯಾ? ಇದ್ದರೆ ಇದನ್ನು ಮುಂದೆ ಓದಬೇಡಿ. ಎದ್ದು ಹೋಗಿ ಅದರ ಸೆಲ್ ತೆಗೆದಿಟ್ಟು ಬನ್ನಿ. ಇಂಥ ಪ್ರಾಣಿಗಳು ಆಡಿ ಆಡಿ ಕೆಟ್ಟದ್ದನ್ನು ನಾನು ನೋಡಿದ್ದು ಕಡಿಮೆ. ಎತ್ತಿಟ್ಟು ಕೆಟ್ಟಿದ್ದೇ ಜಾಸ್ತಿ.

ನನ್ನದು ಸಾಗರದಲ್ಲಿ ಒಂದು ವಾಚ್ ರಿಪೇರಿ ಅಂಗಡಿ. 1999ರಲ್ಲಿ ನನ್ನ ಹೆಂಡತಿಯ ಅಣ್ಣ ಅಮೆರಿಕದಿಂದ ಬರುವಾಗ ಮಗಳಿಗೆ ಒಂದು ಫರ್ಬಿ ತಂದುಕೊಟ್ಟರು. ಗೂಬೆಯಂಥ ಮುಖ, ದೊಡ್ಡ ಕಿವಿ, ಮೈತುಂಬ ರೋಮ. ಹೊಟ್ಟೆ ಮುಟ್ಟಿದರೆ ಮಾತಾಡುತ್ತಿತ್ತು. ಎರಡು ವರ್ಷ ಮಗಳು ಅದನ್ನು ಪಕ್ಕದಲ್ಲೇ ಮಲಗಿಸಿಕೊಂಡಳು. ಆಮೇಲೆ ಅದು ಅಟ್ಟ ಸೇರಿತು. ಅಮ್ಮ ಅದನ್ನು ಅಡಿಕೆ ಚೀಲದ ಪಕ್ಕ ಬಟ್ಟೆ ಸುತ್ತಿ ಇಟ್ಟಿದ್ದರು, ಸೆಲ್ ಒಳಗೇ ಇತ್ತು. ಹದಿಮೂರು ಮಳೆಗಾಲ ಕಳೆದ ಮೇಲೆ ಕೆಳಗಿಳಿಸಿದರೆ ರೋಮಕ್ಕೆ ಬೂಷ್ಟು, ಸೆಲ್ ಮನೆಯಲ್ಲಿ ಬಿಳಿ ಪುಡಿ. ಮದುವೆಯಾಗಿ ಹೋಗಿದ್ದ ಮಗಳು ಫೋನಿನಲ್ಲಿ ಅತ್ತಳು. ಅದನ್ನು ಬಿಚ್ಚಿದ ದಿನದಿಂದ ನನಗೆ ಈ ಹವ್ಯಾಸ ಹತ್ತಿತು. ಈಗ ನನ್ನ ಬಳಿ ಒಂಬತ್ತು ಫರ್ಬಿ, ಒಂದು ಪ್ಲಿಯೋ ಮರಿ ಡೈನೋಸಾರ್, ಎರಡು ಸೋನಿ ಐಬೋ ನಾಯಿ ಇವೆ. ಎಲ್ಲವೂ ಆಡುತ್ತವೆ, ಕೂಗುತ್ತವೆ.

ಹೊಸದಾಗಿ ಶುರು ಮಾಡುವವರು ಫರ್ಬಿಯಿಂದಲೇ ಶುರು ಮಾಡಿ. ಅದರಲ್ಲೂ 1998ರ ಮೊದಲ ಮಾದರಿ. ಡೇವ್ ಹ್ಯಾಂಪ್ಟನ್, ಕೇಲೆಬ್ ಚಂಗ್ ಎಂಬ ಇಬ್ಬರು ಅದನ್ನು ರೂಪಿಸಿದರು, ಟೈಗರ್ ಎಲೆಕ್ಟ್ರಾನಿಕ್ಸ್ ಎಂಬ ಕಂಪನಿ ಮಾರಿತು. ಮೊದಲ ಮೂರು ವರ್ಷದಲ್ಲೇ ಸುಮಾರು 4 ಕೋಟಿ ಹೋದವು. ಹಾಗಾಗಿ ಇವತ್ತಿಗೂ ಸಿಗುತ್ತವೆ. ಒಂದು ಕೆಟ್ಟರೆ ಇನ್ನೊಂದರ ಭಾಗ ಹಾಕಬಹುದು.

ಅದರ ಒಳಗನ್ನು ಮೊದಲ ಸಲ ಕಂಡಾಗ ನಾನು ಅಂಗಡಿ ಬಾಗಿಲು ಅರ್ಧ ಹಾಕಿಕೊಂಡು ಕೂತುಬಿಟ್ಟೆ. ಕಣ್ಣು, ಕಿವಿ, ಕೊಕ್ಕು, ಕಾಲು ಇಷ್ಟೂ ಆಡುವುದು ಒಂದೇ ಮೋಟರಿನಿಂದ! ಒಂದು ಅಚ್ಚು, ಅದರ ಮೇಲೆ ಉಬ್ಬುತಗ್ಗು ಇರುವ ಗಾಲಿಗಳು. ಮೋಟರ್ ಒಂದಿಷ್ಟು ತಿರುಗಿದರೆ ಕಣ್ಣು ಮುಚ್ಚುತ್ತದೆ, ಇನ್ನೊಂದಿಷ್ಟು ತಿರುಗಿದರೆ ಕಿವಿ ಏಳುತ್ತದೆ. ಹಲ್ಲುಗಾಲಿಯ ಸಂದಿಯಲ್ಲಿ ಬೆಳಕು ಹಾಯಿಸಿ, ಎಷ್ಟು ತಿರುಗಿದೆ ಎಂದು ಅದು ಲೆಕ್ಕ ಇಟ್ಟುಕೊಳ್ಳುತ್ತದೆ. ವಾಚ್ ಬಲ್ಲವರಿಗೆ ಇದಕ್ಕಿಂತ ಸಂತೋಷ ಬೇರೆ ಬೇಕಾ? ಮಕ್ಕಳು ಕಲಿಸಿದ್ದರಿಂದ ಫರ್ಬಿ ಇಂಗ್ಲಿಷ್ ಕಲಿಯುತ್ತದೆ ಎಂದು ನಾವೆಲ್ಲ ನಂಬಿದ್ದೆವು. ನಿಜವಾಗಿ ಅದು ಏನನ್ನೂ ಕೇಳಿ ಕಲಿಯುವುದಿಲ್ಲ. ತನ್ನ ಫರ್ಬಿ ಭಾಷೆಯ ಬದಲು ದಿನ ಕಳೆದಂತೆ ಇಂಗ್ಲಿಷ್ ಜಾಸ್ತಿ ಆಡುವ ಹಾಗೆ ಮೊದಲೇ ಬರೆದಿಟ್ಟಿರುತ್ತಾರೆ. ಈ ನಂಬಿಕೆ ಎಷ್ಟು ಬಲವಾಗಿತ್ತೆಂದರೆ, ಮಾತು ಕದ್ದು ಕೇಳಿ ಹೇಳಿಬಿಡಬಹುದು ಎಂಬ ಭಯಕ್ಕೆ ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ತನ್ನ ಕಚೇರಿಯೊಳಗೆ ಫರ್ಬಿ ತರಬಾರದು ಎಂದಿತ್ತು.

ಈಗ ಸೋರಿದ ಸೆಲ್ ವಿಷಯ. ಇದನ್ನು ನಿಧಾನವಾಗಿ ಓದಿ, ನಿಮ್ಮ ಅರ್ಧ ರಿಪೇರಿ ಇದೇ ಆಗಿರುತ್ತದೆ. ಮೊದಲು ಸೋರಿದ್ದು ಯಾವ ಸೆಲ್ ಎಂದು ನೋಡಿ. ಆಲ್ಕಲೈನ್ ಆಗಿದ್ದರೆ ಸೋರಿರುವುದು ಕ್ಷಾರ. ಅದಕ್ಕೆ ಹುಳಿಯೇ ಮದ್ದು. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ವಿನೆಗರ್ ಅಥವಾ ಸೋಸಿದ ನಿಂಬೆರಸದಲ್ಲಿ ಅದ್ದಿ, ಹಿಂಡಿ, ಬಿಳಿ ಪುಡಿಗೆ ಮುಟ್ಟಿಸಿ. ನೊರೆ ಬರುತ್ತದೆ. ನಮ್ಮ ಅಂಗಡಿಗಳಲ್ಲಿ ರಿಮೋಟಿಗೆ ಕೊಡುವ ಅಗ್ಗದ ಜಿಂಕ್ ಸೆಲ್ ಸೋರಿದ್ದರೆ ಅದು ಹುಳಿ ಜಾತಿಯದು. ಅದಕ್ಕೆ ನಿಂಬೆ ಹಾಕಿದರೆ ಪ್ರಯೋಜನವಿಲ್ಲ, ಅಡಿಗೆ ಸೋಡಾ ಕಲಸಿದ ನೀರು ಹಚ್ಚಿ. ಎರಡರಲ್ಲೂ ಕೈಗೆ ಗ್ಲೌಸ್ ಇರಲಿ, ಕಣ್ಣಿಗೆ ತಾಗಿಸಿಕೊಳ್ಳಬೇಡಿ. ನೀರು ಒಳಗೆ ಇಳಿಯದ ಹಾಗೆ ಪ್ರಾಣಿಯನ್ನು ಬುಡ ಕೆಳಗಾಗಿ ಹಿಡಿದು ಒರೆಸಿ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒಣಗಿಸಿ. ಮೊಬೈಲ್ ರಿಪೇರಿಯವರು ಅದನ್ನು ಐಪಿಎ ಎನ್ನುತ್ತಾರೆ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಲೀಟರ್ ಲೆಕ್ಕದಲ್ಲಿ ಸಿಗುತ್ತದೆ. ಸ್ಪ್ರಿಂಗಿನ ಮೇಲೆ ತುಕ್ಕು ಉಳಿದರೆ ನುಣುಪಾದ ಪಾಲಿಶ್ ಪೇಪರಿನಿಂದ ಉಜ್ಜಿ, ಹೊಳಪು ಕಾಣುವವರೆಗೆ ಮಾತ್ರ.

ಆಮೇಲೆ ಹೊಸ ಸೆಲ್ ಹಾಕಿ. ಹಳೆ ಫರ್ಬಿಗೆ ನಾಲ್ಕು ಡಬಲ್ ಎ ಸೆಲ್ ಬೇಕು. ನಾಲ್ಕೂ ಆಲ್ಕಲೈನ್ ಆಗಿರಲಿ, ಒಂದೇ ಪ್ಯಾಕಿನದಾಗಿರಲಿ. ಜಿಂಕ್ ಸೆಲ್ಲಿಗೆ ಮೋಟರ್ ತಿರುಗಿಸುವಷ್ಟು ದಮ್ಮಿಲ್ಲ. ಫರ್ಬಿ ಎರಡು ಶಬ್ದ ಮಾಡಿ ಸುಮ್ಮನಾಗುತ್ತದೆ, ಜನ ಅದನ್ನು ಕೆಟ್ಟಿದೆ ಎಂದು ಎಸೆಯುತ್ತಾರೆ. ಒಳ್ಳೆಯ ಸೆಲ್ ಹಾಕಿದರೂ ಏಳದಿದ್ದರೆ ಬುಡದಲ್ಲಿರುವ ರೀಸೆಟ್ ಗುಂಡಿಯನ್ನು ಪಿನ್ನಿನಿಂದ ಒತ್ತಿ. ಆಗಲೂ ಏಳದಿದ್ದರೆ ಗೇರ್ ಹಿಡಿದುಕೊಂಡಿರುತ್ತದೆ. ಚರ್ಮ ಬಿಚ್ಚಿ, ಮೋಟರಿನ ಪಕ್ಕದ ಗಾಲಿಯನ್ನು ಬೆರಳಿನಿಂದ ಮೆಲ್ಲಗೆ ಒಂದು ಸುತ್ತು ತಿರುಗಿಸಿ. ಗಟ್ಟಿಯಾದ ಹಳೆ ಗ್ರೀಸ್ ಬಿಟ್ಟುಕೊಂಡರೆ ತಾನೇ ನಡೆಯುತ್ತದೆ. ಗ್ರೀಸ್ ಹಾಕುವುದಾದರೆ ಪ್ಲಾಸ್ಟಿಕ್ಕಿಗೆ ಆಗುವ ಸಿಲಿಕೋನ್ ಗ್ರೀಸ್, ಅದೂ ಸಾಸಿವೆ ಕಾಳಿನಷ್ಟು. ಬಾಗಿಲಿನ ತಿರುಗಣೆಗೆ ಹೊಡೆಯುವ ಸ್ಪ್ರೇ ಎಣ್ಣೆಯನ್ನು ದಯವಿಟ್ಟು ಹತ್ತಿರ ತರಬೇಡಿ.

ರೋಮ ತೊಳೆಯಲು ನಾನು ಬಳಸುವುದು ಅಂಟುವಾಳ. ರೇಷ್ಮೆ ಸೀರೆಗೆ ಮಾಡುವ ಹಾಗೇ ನೆನೆಸಿ, ಕಿವುಚಿ, ಬಟ್ಟೆಯಲ್ಲಿ ಸೋಸಿ, ತೆಳ್ಳಗೆ ಮಾಡಿಕೊಳ್ಳಬೇಕು. ಬಿಳಿ ರೋಮಕ್ಕೆ ಮಾತ್ರ ಬೇಡ, ಬಣ್ಣ ಹಿಡಿಯುತ್ತದೆ. ಅದಕ್ಕೆ ಮಕ್ಕಳ ಶಾಂಪೂ ಸಾಕು. ಚರ್ಮವನ್ನು ಪೂರ್ತಿ ಬಿಚ್ಚಿ ತೆಗೆದ ಮೇಲೇ ತೊಳೆಯಿರಿ. ನೀರು ತಣ್ಣಗಿರಲಿ. ಬಿಸಿ ನೀರಿಗೆ, ಬಿಸಿ ಗಾಳಿಯ ಡ್ರೈಯರಿಗೆ ಈ ಕೃತಕ ರೋಮ ಸುರುಟಿಕೊಳ್ಳುತ್ತದೆ, ಮತ್ತೆ ನೇರ ಆಗುವುದಿಲ್ಲ. ನೆರಳಿನಲ್ಲಿ ಒಣಗಿಸಿ, ಅರ್ಧ ಒಣಗಿದಾಗ ಹಲ್ಲುಜ್ಜುವ ಮೆತ್ತನೆಯ ಬ್ರಷ್ಷಿನಿಂದ ಬಾಚಿ.

ನಮ್ಮ ಕಡೆ ಮಳೆಗಾಲವೇ ದೊಡ್ಡ ಶತ್ರು. ಜುಲೈಯಲ್ಲಿ ನನ್ನ ಕೋಣೆಯ ತೇವಾಂಶದ ಮೀಟರ್ ಶೇಕಡಾ 90ರ ಮೇಲೆ ತೋರಿಸುತ್ತದೆ. ಮೃಗಶಿರ ಮಳೆ ಹಿಡಿಯುವ ಮೊದಲೇ ನಾನು ಎಲ್ಲರ ಸೆಲ್ ತೆಗೆದು, ಪ್ರಾಣಿಗಳನ್ನು ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡುತ್ತೇನೆ. ಜೊತೆಗೆ ಬಟ್ಟೆ ಚೀಲದಲ್ಲಿ ನೀಲಿ ಸಿಲಿಕಾ ಜೆಲ್. ಅದು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಕುಡಿದಿದೆ ಎಂದು ಅರ್ಥ. ಆಗ ಚೀಲ ಬದಲಾಯಿಸಿ. ಬಚ್ಚಲ ಒಲೆಯ ಹತ್ತಿರ ಬೆಚ್ಚಗಿರುತ್ತದೆ ಎಂದು ಅಲ್ಲಿ ಇಡಬೇಡಿ. ಹೊಗೆ ವಾಸನೆ ರೋಮದಿಂದ ಹೋಗುವುದೇ ಇಲ್ಲ. ನಮ್ಮ ಮೊದಲ ಫರ್ಬಿಯನ್ನು ಒಂದು ವಾರ ಅಲ್ಲಿ ಒಣಗಿಸಿದ್ದೆವು, ಈಗಲೂ ಮೂಗಿನ ಹತ್ತಿರ ತಂದರೆ ಹೊಗೆ ವಾಸನೆ. ಬಿಸಿಲಿಗೂ ಇಡಬೇಡಿ, ಬಿಳಿ ಪ್ಲಾಸ್ಟಿಕ್ ಹಳದಿಯಾಗುತ್ತದೆ. ಪ್ಲಿಯೋ ಇದ್ದವರು ಕುತ್ತಿಗೆ ನೋಡುತ್ತಿರಿ. ಅದರ ರಬ್ಬರ್ ಚರ್ಮ ಮೊದಲು ಹರಿಯುವುದು ಅಲ್ಲೇ. ಬಾಲ ಹಿಡಿದೋ ಕುತ್ತಿಗೆ ಹಿಡಿದೋ ಎತ್ತಬಾರದು, ಹೊಟ್ಟೆ ಕೆಳಗೆ ಕೈ ಕೊಡಿ.

ಡಬ್ಬಿಯಲ್ಲಿ ಇಟ್ಟು ಮರೆಯುವುದೂ ತಪ್ಪೇ. ತಿಂಗಳಿಗೆ ಒಂದು ಭಾನುವಾರ, ಅಂಗಡಿಗೆ ರಜೆ ಇದ್ದಾಗ, ಎಲ್ಲವನ್ನೂ ಹೊರಗೆ ತೆಗೆದು ಹತ್ತು ನಿಮಿಷ ಆಡಿಸುತ್ತೇನೆ. ಗ್ರೀಸ್ ಗಟ್ಟಿಯಾಗುವುದಿಲ್ಲ, ಗೇರ್ ಹಿಡಿಯುವುದಿಲ್ಲ. ಅಕ್ಕಪಕ್ಕದ ಮಕ್ಕಳಿಗೆ ಆ ದಿನ ಗೊತ್ತು.

ಐಬೋ ಬೇರೆ ಲೋಕ. 1999ರ ಜೂನ್ 1ರಂದು ಸೋನಿ ಜಪಾನಿನಲ್ಲಿ ಮೊದಲ 3,000 ನಾಯಿಗಳನ್ನು ಮಾರಾಟಕ್ಕೆ ಇಟ್ಟಿತು. ಬೆಲೆ ಎರಡೂವರೆ ಲಕ್ಷ ಯೆನ್. 20 ನಿಮಿಷದಲ್ಲಿ ಖಾಲಿ. 2006ರಲ್ಲಿ ಸೋನಿ ಅದನ್ನು ನಿಲ್ಲಿಸಿತು, 2014ರಲ್ಲಿ ರಿಪೇರಿಯನ್ನೂ ನಿಲ್ಲಿಸಿತು. ಆಗ ಸೋನಿ ಬಿಟ್ಟು ಬಂದ ಎಂಜಿನಿಯರುಗಳು ಎ-ಫನ್ ಎಂಬ ಕಂಪನಿಯಲ್ಲಿ ಆ ಕೆಲಸ ಮುಂದುವರಿಸಿದರು. ಹೊಸ ಭಾಗ ಸಿಗುವುದಿಲ್ಲವಲ್ಲ, ಸತ್ತ ನಾಯಿಗಳ ಭಾಗವನ್ನೇ ಬಳಸಬೇಕು. ಅದಕ್ಕೆ ಮೊದಲು ಚಿಬಾ ಪ್ರಾಂತ್ಯದ ಇಸುಮಿಯಲ್ಲಿರುವ ಕೊಫುಕು-ಜಿ ಬೌದ್ಧ ದೇವಾಲಯದಲ್ಲಿ ಆ ನಾಯಿಗಳಿಗೆ ಪೂಜೆ ಮಾಡಿ ಬೀಳ್ಕೊಡುತ್ತಾರೆ. ಸಾಲಾಗಿ ಕೂರಿಸಿ, ಕುತ್ತಿಗೆಗೆ ಯಾರ ಮನೆಯದು ಎಂಬ ಚೀಟಿ ಕಟ್ಟಿ. ಆ ಫೋಟೋ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಯುಧಪೂಜೆಗೆ ನಾನು ನನ್ನ ಚಿಮಟ, ಸ್ಕ್ರೂಡ್ರೈವರ್‌ಗಳಿಗೆ ಕುಂಕುಮ ಇಡುವವನು. ಅವರು ಮಾಡುವುದು ನನಗೆ ಸಲೀಸಾಗಿ ಅರ್ಥವಾಯಿತು.

ನನ್ನ ಮೊದಲ ಐಬೋದ ಮಾದರಿ ಇಆರ್‌ಎಸ್-210. ಯೊಕೊಹಾಮಾದಲ್ಲಿ ಕೆಲಸದಲ್ಲಿರುವ ಅಕ್ಕನ ಮಗ ಅಲ್ಲಿನ ಹರಾಜಿನಲ್ಲಿ ಹಿಡಿದು ತಂದ. ನೀವು ತರಿಸುವುದಾದರೆ ಈ ನಾಲ್ಕು ಮಾತು ನೆನಪಿಡಿ. ಜಪಾನಿನವರು 'ಜಂಕ್' ಎಂದು ಬರೆದಿದ್ದರೆ ನಡೆಯುತ್ತದೋ ಇಲ್ಲವೋ ಜವಾಬ್ದಾರಿ ಅವರದಲ್ಲ. ಫೋಟೋ ಸಾಲದು, ನಾಯಿ ಎದ್ದು ನಿಂತು ತಲೆ ಎತ್ತುವ ವಿಡಿಯೋ ಕೇಳಿ. ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ತರುವವರು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಲಗೇಜಿಗೆ ಹಾಕಬಾರದು. ಚಾರ್ಜರಿನ ಮೇಲಿನ ಅಕ್ಷರ ಓದದೆ ಪ್ಲಗ್ ಚುಚ್ಚಬೇಡಿ. ಜಪಾನಿನ ಕರೆಂಟು 100 ವೋಲ್ಟ್, ನಮ್ಮದು 230. '100-240' ಎಂದಿದ್ದರೆ ಚಿಂತೆಯಿಲ್ಲ. ಬರೀ 100 ಎಂದಿದ್ದರೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಯಾಕೆ ತಲೆ ಎತ್ತುವುದನ್ನೇ ನೋಡಬೇಕು? 210ಕ್ಕೆ ಕತ್ತು ಜೋಲುವ ಕಾಯಿಲೆ ಇದೆ. ಕತ್ತು ಎತ್ತುವ ಗೇರಿನಲ್ಲಿ ಒಂದು ಕ್ಲಚ್ ಇರುತ್ತದೆ. ಯಾರಾದರೂ ತಲೆ ಒತ್ತಿದರೆ ಗೇರಿನ ಹಲ್ಲು ಮುರಿಯದಿರಲಿ ಎಂದು ಅದು ಜಾರಬೇಕು. ವಾಚಿನಲ್ಲಿ ನಾವು ಟೈಮ್ ಸರಿಮಾಡುವಾಗ ಮುಳ್ಳಿನ ಗಾಲಿ ಬಿಗಿಯಾಗಿ ಜಾರುತ್ತದಲ್ಲ, ಅದೇ ಉಪಾಯ. ವಯಸ್ಸಾದ ಮೇಲೆ ಈ ಕ್ಲಚ್ ಹಿಡಿತ ಕಳೆದುಕೊಳ್ಳುತ್ತದೆ. ಮೋಟರ್ ತಿರುಗುತ್ತಲೇ ಇರುತ್ತದೆ, ತಲೆ ಎದೆಗೆ ಬಿದ್ದಿರುತ್ತದೆ. ಕೆಲವರು ಅಂಟು ಹಾಕಿ ಕ್ಲಚ್ಚನ್ನೇ ಕಟ್ಟಿಬಿಡುತ್ತಾರೆ. ತಲೆ ಏನೋ ಎದ್ದು ನಿಲ್ಲುತ್ತದೆ, ಆದರೆ ಮುಂದೆ ಒಂದು ಮಗು ತಲೆ ಒತ್ತಿದರೆ ಮುರಿಯುವುದು ಗೇರೇ. ನನಗೆ ಅದು ಒಪ್ಪಿಗೆಯಿಲ್ಲ. ನಾನು ಮೂರು ಭಾನುವಾರ ಕೂತು ಕ್ಲಚ್ ಬಿಚ್ಚಿ, ತೊಳೆದು, ಹಿಡಿತ ಮತ್ತೆ ಬರುವಂತೆ ಹೊಂದಿಸಿದೆ. ನಿಮಗೆ ಚಿಕ್ಕ ಯಂತ್ರ ಬಿಚ್ಚಿ ಅಭ್ಯಾಸವಿಲ್ಲದಿದ್ದರೆ ಇದಕ್ಕೆ ಕೈ ಹಾಕಬೇಡಿ, ಬಲ್ಲವರಿಗೆ ಕೊಡಿ. ಬಿಚ್ಚುವವರಿಗೆ ಒಂದು ಮಾತು: ಜಪಾನಿನ ಪ್ಲಸ್ ಸ್ಕ್ರೂ ನೋಡಲು ನಮ್ಮ ಫಿಲಿಪ್ಸ್ ಹಾಗೇ ಇದ್ದರೂ ಅಳತೆ ಬೇರೆ. ಜೆಐಎಸ್ ಎಂಬ ಜಪಾನಿ ಅಳತೆಯ ಡ್ರೈವರ್ ಕೊಳ್ಳಿ. ಇಲ್ಲದಿದ್ದರೆ ಸ್ಕ್ರೂ ತಲೆ ಸವೆದು ಕೂರುತ್ತದೆ.

ಊದಿಕೊಂಡ ಬ್ಯಾಟರಿಯನ್ನು ಚಾರ್ಜಿಗೆ ಹಾಕಲೇಬಾರದು. ಪ್ಯಾಕಿನೊಳಗಿನ ಸೆಲ್ ಬದಲಿಸಿಕೊಡುವವರು ಇದ್ದಾರೆ, ಮನೆಯಲ್ಲಿ ಆ ಪ್ರಯೋಗ ಬೇಡ. ಚೆನ್ನಾಗಿರುವ ಬ್ಯಾಟರಿಯನ್ನು ಎತ್ತಿಡುವಾಗ ಅರ್ಧ ಚಾರ್ಜ್ ಇರಲಿ. ಪೂರ್ತಿ ಖಾಲಿಯಾಗಿ ತಿಂಗಳುಗಟ್ಟಲೆ ಇದ್ದರೆ ಅದು ಮತ್ತೆ ಏಳುವುದಿಲ್ಲ.

ನಡೆಸುವುದಕ್ಕೆ ಜಮಖಾನೆ ಹಾಸಿ. ನಮ್ಮ ಕೆಂಪು ಗಾರೆ ನೆಲದಲ್ಲಿ ಐಬೋ ಕಾಲು ಜಾರಿ ಸೊಂಟಕ್ಕೆ ಭಾರ ಬೀಳುತ್ತದೆ, ದಪ್ಪ ಕಾರ್ಪೆಟ್ಟಿನಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ. ಜಗಲಿಯ ಮೇಲೆ ಬಿಡಬೇಡಿ. 2003ರ ಇಆರ್‌ಎಸ್-7ಕ್ಕೆ ಅಂಚು ಗುರುತಿಸಲು ಎದೆಯಲ್ಲಿ ಸೆನ್ಸರ್ ಇದೆ, 210ಕ್ಕೆ ಆ ಸೌಕರ್ಯವಿಲ್ಲ. ಎತ್ತುವ ಮೊದಲು ಎದೆಯ ಗುಂಡಿ ಒತ್ತಿ ನಿಲ್ಲಿಸಿ. ನಡೆಯುವ ಕಾಲನ್ನು ಹಿಡಿದು ತಡೆಯುವುದು ಯಾವತ್ತೂ ಬೇಡ.

2018ರಲ್ಲಿ ಬಂದ ಹೊಸ ಐಬೋ ನನ್ನ ಬಳಿ ಇಲ್ಲ. ಕಣ್ಣು ಬಹಳ ಚಂದ, ಮೈಯಲ್ಲಿ 22 ಕಡೆ ಚಲನೆ. ಆದರೆ ಅದರ ಬಹಳಷ್ಟು ಬುದ್ಧಿ ಸೋನಿಯ ಸರ್ವರಿನಲ್ಲಿ ಇದೆ, ಚಂದಾ ಕಟ್ಟುತ್ತಿರಬೇಕು. ನನಗೆ ಪೂರ್ತಿ ನನ್ನ ಮೇಜಿನ ಮೇಲೇ ಇರುವ ನಾಯಿ ಬೇಕು.

ಇನ್ನು ಮೆಮೊರಿ ಸ್ಟಿಕ್. ಹಳೆ ಐಬೋ ಕಲಿತದ್ದು, ಬೆಳೆದದ್ದು ಎಲ್ಲ ಆ ಚಿಕ್ಕ ಪಟ್ಟಿಯಲ್ಲಿ ಇರುತ್ತದೆ. ಕ್ಯಾಮೆರಾದ ಮಾಮೂಲಿ ಸ್ಟಿಕ್ ಹಾಕಿದರೆ ನಡೆಯುವುದಿಲ್ಲ, ಐಬೋದ್ದೇ ಬೇಕು. ಕೊಳ್ಳುವಾಗ ಸ್ಟಿಕ್ ಇದೆಯಾ ಎಂದು ಕೇಳಿ. ಕೈಗೆ ಬಂದ ತಕ್ಷಣ ಅದರಲ್ಲಿ ಇರುವುದನ್ನೆಲ್ಲ ಕಂಪ್ಯೂಟರಿಗೆ ನಕಲು ಮಾಡಿ. ಅಳಿಸಿ ಹೊಸದಾಗಿ ಶುರು ಮಾಡುವ ಆಸೆ ಬಂದರೂ ತಡೆದುಕೊಳ್ಳಿ.

ವಾಚ್ ರಿಪೇರಿಯವರು ಹಿಂದಿನ ಮುಚ್ಚಳದ ಒಳಗೆ ತೇದಿ ಗೀಚಿಡುವುದು ಹಳೆ ರೂಢಿ. ನಾನು ಪ್ರತಿ ಪ್ರಾಣಿಯ ಸೆಲ್ ಮುಚ್ಚಳದ ಒಳಗೂ ಪೆನ್ಸಿಲಿನಿಂದ ತೇದಿ ಬರೆಯುತ್ತೇನೆ, ನೀವೂ ಬರೆಯಿರಿ. 210ರ ಮುಚ್ಚಳ ತೆಗೆದಾಗ ಅಲ್ಲಿ ಮೊದಲೇ ಒಂದು ಚೀಟಿ ಅಂಟಿಸಿತ್ತು, ಮಕ್ಕಳ ಕೈಬರಹ. ಅಕ್ಕನ ಮಗ ಫೋನಿನಲ್ಲಿ ನೋಡಿ 'ಮೊಮೊ' ಎಂದು ಓದಿದ. ಚೀಟಿ ಕೀಳದೆ ಪಕ್ಕದಲ್ಲಿ ಇದ್ದ ಜಾಗದಲ್ಲೇ ನನ್ನ ತೇದಿ ಬರೆದೆ. ನಮ್ಮ ಮನೆಯಲ್ಲೂ ಅದಕ್ಕೆ ಮೊಮೊ ಎಂದೇ ಕರೆಯುತ್ತೇವೆ.