ಡಲ್ಲಾಸ್‌ನಲ್ಲಿ ಐಸ್ ಬೀಳುವ ಮುಂಚೆ: ‘ವಾಚ್’ ಬಂದ ದಿನವೇ ಮುಗಿಸಬೇಕಾದ ಕೆಲಸಗಳು

ಊರಿನಿಂದ ಅಪ್ಪ–ಅಮ್ಮ ಡಲ್ಲಾಸ್‌ಗೆ ಹೊರಡುವಾಗ ‘ಟೆಕ್ಸಸ್ ತಾನೇ, ನಮ್ಮ ಬಳ್ಳಾರಿ ಥರ ಬಿಸಿಲು’ ಎಂದುಕೊಂಡೇ ಸೂಟ್‌ಕೇಸ್ ತುಂಬುತ್ತಾರೆ. ವರ್ಷದ ಬಹುಪಾಲು ಅದು ನಿಜವೂ ಹೌದು. ಆದರೆ 2021ರ ಫೆಬ್ರುವರಿ 16ರಂದು ಇಲ್ಲಿ ಮೈನಸ್ 19 ಡಿಗ್ರಿ ಸೆಲ್ಸಿಯಸ್ ಇತ್ತು. ಆ ವಾರ ರಾಜ್ಯದಲ್ಲಿ 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳ ಕರೆಂಟ್ ಹೋಯಿತು. ಸರ್ಕಾರದ ಲೆಕ್ಕದಲ್ಲೇ 246 ಮಂದಿ ತೀರಿಕೊಂಡರು.

ಮೊದಲು ಮುನ್ಸೂಚನೆಯ ಭಾಷೆ ಕಲಿಯಿರಿ

ಅಮೆರಿಕದ ಸರ್ಕಾರಿ ಹವಾಮಾನ ಸಂಸ್ಥೆ ನ್ಯಾಷನಲ್ ವೆದರ್ ಸರ್ವಿಸ್ ಬಳಸುವ ಪದಗಳು ಮೂರು. ‘ವಿಂಟರ್ ಸ್ಟಾರ್ಮ್ ವಾಚ್’ ಎಂದರೆ ಮದುವೆಯ ಮಾತುಕತೆ ನಡೆದಿದೆ, ಒಂದೆರಡು ದಿನದಲ್ಲಿ ಗಟ್ಟಿಯಾಗಬಹುದು. ‘ವಾರ್ನಿಂಗ್’ ಎಂದರೆ ಲಗ್ನಪತ್ರಿಕೆ ಅಚ್ಚಾಗಿದೆ. ‘ಅಡ್ವೈಸರಿ’ ಅಷ್ಟು ದೊಡ್ಡದಲ್ಲ, ಆದರೂ ರಸ್ತೆಗಿಳಿಯಲು ಯೋಚಿಸಬೇಕು. ನಮ್ಮವರಲ್ಲಿ ಹೆಚ್ಚಿನವರು ವಾರ್ನಿಂಗ್ ಬಂದ ಮೇಲೆ ಅಂಗಡಿಗೆ ಓಡುತ್ತಾರೆ. ಅಷ್ಟು ಹೊತ್ತಿಗೆ ಹಾಲು, ಬ್ರೆಡ್, ನೀರಿನ ಬಾಟಲಿಗಳ ಶೆಲ್ಫ್ ಬೋಳಾಗಿರುತ್ತದೆ. ಕೆಲಸ ಮಾಡಬೇಕಾದದ್ದು ವಾಚ್ ಬಂದ ದಿನ.

ಎಂಟು ದಿನ ಮೊದಲೇ ಫೋನಿನ ಆ್ಯಪ್ ‘ಹತ್ತು ಇಂಚು ಸ್ನೋ’ ಎಂದು ತೋರಿಸಿದರೆ ವಾಟ್ಸ್‌ಆ್ಯಪ್ ಗ್ರೂಪಿಗೆ ಕಳಿಸಬೇಡಿ. ಅಷ್ಟು ದೂರದ ಲೆಕ್ಕ ದಿನಕ್ಕೆ ನಾಲ್ಕು ಸಲ ಬದಲಾಗುತ್ತದೆ. ಟೆಕ್ಸಸ್‌ನಲ್ಲಿ ಹುಡುಕಬೇಕಾದ ಪದ ಸ್ನೋ ಅಲ್ಲ, ‘ಫ್ರೀಜಿಂಗ್ ರೈನ್’. ಉತ್ತರದಿಂದ ನುಗ್ಗುವ ಶೀತಗಾಳಿ ಭಾರ. ತೆಳ್ಳಗೆ ನೆಲಕ್ಕಂಟಿ ಹರಡುತ್ತದೆ. ಅದರ ಮೇಲೆ ದಕ್ಷಿಣದ ಮೆಕ್ಸಿಕೊ ಕೊಲ್ಲಿ ಕಡೆಯ ಬೆಚ್ಚನೆಯ ಗಾಳಿ. ಮೇಲೆ ಕರಗಿದ ಹನಿಗೆ ಕೆಳಗಿನ ತೆಳು ಪದರದಲ್ಲಿ ಮತ್ತೆ ಗಟ್ಟಿಯಾಗಲು ಪುರಸೊತ್ತಿಲ್ಲ. ಸೊನ್ನೆಗಿಂತ ತಣ್ಣಗಿದ್ದೂ ನೀರಾಗಿಯೇ ಬಿದ್ದು, ತಂತಿ, ಕೊಂಬೆ, ರಸ್ತೆ ಮುಟ್ಟಿದ ತಕ್ಷಣ ಗಾಜಾಗುತ್ತದೆ. ಸ್ನೋ ಮೇಲೆ ನಿಧಾನವಾಗಿಯಾದರೂ ಕಾರು ಓಡಿಸಬಹುದು. ಈ ಗಾಜಿನ ಮೇಲೆ ಯಾರಿಗೂ ಆಗದು. 2021ರ ಫೆಬ್ರುವರಿ 11ರಂದು ಫೋರ್ಟ್ ವರ್ತ್‌ನ ಹೆದ್ದಾರಿಯಲ್ಲಿ 130ಕ್ಕೂ ಹೆಚ್ಚು ವಾಹನಗಳು ಒಂದಕ್ಕೊಂದು ಗುದ್ದಿ ಆರು ಜನ ಸತ್ತದ್ದು ಇಂಥ ಐಸ್‌ನಿಂದಲೇ. ಸೇತುವೆಯ ಕೆಳಗೂ ಗಾಳಿ ಆಡುವುದರಿಂದ ಅಲ್ಲೇ ಮೊದಲು ಕಟ್ಟುತ್ತದೆ.

ನಲ್ಲಿ, ಪೈಪು

ಇಲ್ಲಿನ ಮನೆಗಳನ್ನು ಸೆಖೆಗೆಂದು ಕಟ್ಟಿದ್ದು. ಎಷ್ಟೋ ಕಡೆ ನೀರಿನ ಪೈಪು ಹೊರಗೋಡೆಯಲ್ಲೋ ಅಟ್ಟದ ಮೇಲೋ ಹಾದಿರುತ್ತದೆ. ತೋಟದ ಹೋಸ್ ಬಿಚ್ಚಿ, ಹೊರಗಿನ ನಲ್ಲಿಗೆ ಫೋಮ್ ಟೋಪಿ ಹಾಕಿ. ಹೊರಗೋಡೆಗೆ ತಾಗಿದ ಸಿಂಕಿನ ಕೆಳಗಿನ ಬಾಗಿಲು ತೆರೆದಿಡಿ. ಬಿಸಿ, ತಣ್ಣೀರು ಎರಡೂ ನಲ್ಲಿಯಿಂದ ನೀರು ಸಣ್ಣಗೆ ತೊಟ್ಟಿಕ್ಕುತ್ತಿರಲಿ. ಕೆಳಗೊಂದು ಪಾತ್ರೆ ಇಡಿ, ನೀರು ದಂಡವಾಗದು. ಮನೆಗೆ ಬಂದ ಅಮ್ಮಂದಿರು ರಾತ್ರಿ ಎದ್ದು ‘ಯಾರೋ ನಲ್ಲಿ ಸರಿಯಾಗಿ ತಿರುಗಿಸಿಲ್ಲ’ ಎಂದು ಬಿಗಿಯಾಗಿ ನಿಲ್ಲಿಸಿಬಿಡುತ್ತಾರೆ, ಮೊದಲೇ ಹೇಳಿಡಿ. ಇಡೀ ಮನೆಯ ನೀರು ನಿಲ್ಲಿಸುವ ವಾಲ್ವ್ ಎಲ್ಲಿದೆ ಎಂದು ಹಗಲಲ್ಲೇ ನೋಡಿಕೊಳ್ಳಿ. ಟಾರ್ಚ್ ಹಿಡಿದು ಹುಡುಕುವ ವಸ್ತುವಲ್ಲ ಅದು.

ಅಗ್ಗಿಷ್ಟಿಕೆಯ ಆಸೆ ಬೇಡ

ಕರೆಂಟ್ ಹೋದಾಗ ಮಲೆನಾಡಿನವರಿಗೆ ಕೆಂಡ ನೆನಪಾಗುವುದು ಸಹಜ. ಹೆಂಚಿನ ಮನೆಯಲ್ಲಿ ಹೊಗೆ ಸಂದಿಯಿಂದ ಹೋಗುತ್ತದೆ, ಇಲ್ಲಿನ ಮನೆ ಡಬ್ಬಿಯಂತೆ ಮುಚ್ಚಿರುತ್ತದೆ. ಇದ್ದಿಲಿನ ಗ್ರಿಲ್ ಒಳಗೆ ತರುವುದು, ಮೈ ಕಾಯಿಸಲೆಂದು ಗ್ಯಾಸ್ ಒಲೆ ಹಚ್ಚಿಡುವುದು, ಗ್ಯಾರೇಜಿನಲ್ಲಿ ಕಾರು ಸ್ಟಾರ್ಟ್ ಮಾಡಿ ಕೂರುವುದು, ಎಲ್ಲವೂ ಕಾರ್ಬನ್ ಮಾನಾಕ್ಸೈಡ್ (ಸಿಒ) ಎಂಬ ವಿಷಾನಿಲ ಕೂಡಿಡುತ್ತವೆ. ಇದಕ್ಕೆ ವಾಸನೆಯಿಲ್ಲ, ಕಣ್ಣು ಉರಿಯದು. ತಲೆನೋವು, ವಾಕರಿಕೆ, ಆಮೇಲೆ ನಿದ್ದೆ. 2021ರಲ್ಲಿ ಹೀಗೂ ಜನ ಸತ್ತರು. ಜನರೇಟರ್ ಇದ್ದರೆ ಮನೆಯಿಂದ ಕನಿಷ್ಠ 20 ಅಡಿ ದೂರ. ಬ್ಯಾಟರಿಯ ಸಿಒ ಅಲಾರಂ ಇವತ್ತೇ ತನ್ನಿ.

ಬದಲಿಗೆ ಎಲ್ಲರೂ ಒಂದೇ ಕೋಣೆ ಸೇರಿ, ಬಾಗಿಲ ಸಂದಿಗೆ ಟವೆಲ್ ತುರುಕಿ. ಬಟ್ಟೆ ಒಂದೇ ದಪ್ಪದ್ದಲ್ಲ, ಪದರ ಪದರವಾಗಿರಲಿ. ಕಾಟನ್ ಒದ್ದೆಯಾದರೆ ಮೈಯ ಶಾಖ ಹೀರುತ್ತದೆ. ಒಳಗೆ ಥರ್ಮಲ್, ಮೇಲೆ ಉಣ್ಣೆ. ಮೊಮ್ಮಕ್ಕಳು ನಗುವ ಮಂಕಿ ಕ್ಯಾಪ್ ಆ ರಾತ್ರಿ ಮನೆಯ ಅತ್ಯುತ್ತಮ ಉಪಕರಣ.

ಊಟದ ವಿಷಯದಲ್ಲಿ ನಾವು ಅದೃಷ್ಟವಂತರು. ಬಹಳಷ್ಟು ಅಪಾರ್ಟ್‌ಮೆಂಟ್‌ಗಳಲ್ಲಿ ಒಲೆ ಕರೆಂಟಿನದ್ದು, ಹಾಗಾಗಿ ಕಾಫಿಯೂ ಇಲ್ಲ. ಆದರೂ ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ ಇದ್ದರೆ ಎರಡು ದಿನ ಕಳೆಯುತ್ತದೆ. ಫ್ರಿಜ್ ತೆರೆಯದಿದ್ದರೆ ನಾಲ್ಕು ಗಂಟೆ, ತುಂಬಿದ ಫ್ರೀಜರ್ 48 ಗಂಟೆ ತಾಳುತ್ತದೆ.

ಹಿರಿಯರ ಮೇಲೆ ಕಣ್ಣಿರಲಿ

ಮೈ ಉಷ್ಣಾಂಶ 35 ಡಿಗ್ರಿಗಿಂತ ಇಳಿದರೆ ಹೈಪೋಥರ್ಮಿಯಾ. ನಡುಕ, ಮಾತು ತೊದಲುವುದು, ಗುಂಡಿ ಹಾಕಲು ಬೆರಳು ತಡಕಾಡುವುದು ಲಕ್ಷಣ. ನಡುಗುತ್ತಿದ್ದವರ ನಡುಕ ತಾನಾಗಿ ನಿಂತು ಮಂಕಾದರೆ ಅದು ವಾಸಿಯಾದ ಗುರುತಲ್ಲ, ತಕ್ಷಣ ಇಲ್ಲಿನ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ. ಅಷ್ಟರೊಳಗೆ ಒದ್ದೆ ಬಟ್ಟೆ ತೆಗೆದು, ಎದೆ, ಕುತ್ತಿಗೆ ಮೊದಲು ಬೆಚ್ಚಗೆ ಮಾಡಿ. ಬೆರಳು ಬಿಳಿಚಿ ಮರಗಟ್ಟಿದ್ದರೆ ಎಣ್ಣೆ ಹಚ್ಚಿ ತಿಕ್ಕುವ ನಮ್ಮ ಅಭ್ಯಾಸ ಬಿಡಿ, ಚರ್ಮ ಇನ್ನಷ್ಟು ಹಾಳಾಗುತ್ತದೆ. ಉಗುರುಬೆಚ್ಚಗಿನ ನೀರು ಸಾಕು.

ಬಿಸಿಲು ಬಂದ ಮೇಲೆ

ಪೈಪು ಬಿರಿಯುವುದು ಹೆಪ್ಪುಗಟ್ಟಿದಾಗ, ಗೊತ್ತಾಗುವುದು ಕರಗಿದಾಗ. ಹಾಗಾಗಿ ಬೆಚ್ಚಗಾದ ದಿನ ಎಲ್ಲ ನಲ್ಲಿ ನಿಲ್ಲಿಸಿ, ಅಂಗಳದ ಮುಚ್ಚಳ ಎತ್ತಿ ನೀರಿನ ಮೀಟರ್ ನೋಡಿ. ಅನೇಕ ಮೀಟರ್‌ಗಳ ಮುಖದ ಮೇಲೆ ಪುಟ್ಟ ತ್ರಿಕೋನವೊಂದು ಇರುತ್ತದೆ. ಅದು ಆಗಲೂ ತಿರುಗುತ್ತಿದ್ದರೆ ಗೋಡೆಯೊಳಗೆಲ್ಲೋ ನೀರು ಹರಿಯುತ್ತಿದೆ. ವಾಲ್ವ್ ಮುಚ್ಚಿ, ಪ್ಲಂಬರ್‌ಗೆ ಫೋನ್ ಮಾಡಿ.