ಸಣ್ಣ ಪಕ್ಷದ ಮೈತ್ರಿ ಲೆಕ್ಕ ಓದುವುದು ಹೇಗೆ?

ಎಂಟು ಲಕ್ಷದ ಹತ್ತಿರ ಮತ ಬಿದ್ದಿತ್ತು. ಆದರೂ ಪಕ್ಷದ ಅಭ್ಯರ್ಥಿಗಳ ಪಟ್ಟಿಯಿಂದ ಒಂದೇ ಒಂದು ಸೀಟು ಬರಲಿಲ್ಲ. 2022ರ ಸೆಪ್ಟೆಂಬರ್ 25ರಂದು ಇಟಲಿಯ ‘ಪಿಯು ಯುರೋಪಾ’ ಪಕ್ಷಕ್ಕೆ ಹೀಗಾಯಿತು. ಹೆಸರಿನ ಅರ್ಥ ‘ಇನ್ನಷ್ಟು ಯುರೋಪ್’. ಯುರೋಪಿನ ದೇಶಗಳು ಇನ್ನೂ ಹತ್ತಿರವಾಗಬೇಕು ಎನ್ನುವ ನಡುಪಂಥದ ಸಣ್ಣ ಪಕ್ಷ ಇದು. ಇದರ ಮುಖ್ಯ ಮುಖ ಎಮ್ಮಾ ಬೊನಿನೊ, ಹಿಂದೆ ಇಟಲಿಯ ವಿದೇಶಾಂಗ ಸಚಿವೆಯಾಗಿದ್ದವರು.

ಇಂಥ ಪಕ್ಷ ಯಾರ ಜತೆ ಸೇರಿತು, ಯಾರನ್ನು ಬಿಟ್ಟಿತು ಎಂಬ ಸುದ್ದಿ ಓದುತ್ತಾ ಹೋದರೆ ತಲೆ ಗಿರ್ರೆನ್ನುತ್ತದೆ. ನಾಯಕರ ಹೇಳಿಕೆಗಳನ್ನು ಸ್ವಲ್ಪ ಬದಿಗಿಡಿ. ಚುನಾವಣೆಯ ನಿಯಮದಿಂದ ಶುರು ಮಾಡಿ.

1. ಮೊದಲು ಮತಪತ್ರ ನೋಡಿ

ಇಟಲಿಯ ಕೆಳಮನೆಯ ಮತಪತ್ರದ ಬಣ್ಣ ಗುಲಾಬಿ. ಮತಗಟ್ಟೆಯಲ್ಲೇ ಒಂದು ಪೆನ್ಸಿಲ್ ಕೊಡುತ್ತಾರೆ, ಅದರ ಗುರುತು ಅಳಿಸಲು ಬರುವುದಿಲ್ಲ. ಪ್ರತಿ ಮೈತ್ರಿಕೂಟಕ್ಕೆ ಒಂದು ಚೌಕ. ಮೇಲೆ ಕ್ಷೇತ್ರದ ಅಭ್ಯರ್ಥಿಯ ಹೆಸರು, ಅದರ ಕೆಳಗೆ ಮಿತ್ರಪಕ್ಷಗಳ ಚಿಹ್ನೆಗಳು. ಒಂದು ಚಿಹ್ನೆಯ ಮೇಲೆ ಗೀಟು ಹಾಕಿದರೆ ಮತ ಎರಡು ಕಡೆ ಹೋಗುತ್ತದೆ. ಆ ಪಕ್ಷದ ಪಟ್ಟಿಗೂ ಸಲ್ಲುತ್ತದೆ, ಮೇಲಿನ ಅಭ್ಯರ್ಥಿಗೂ ಸಲ್ಲುತ್ತದೆ. ಪಟ್ಟಿ ಇವರದು, ಅಭ್ಯರ್ಥಿ ಅವರು ಅಂತ ಬೇರೆ ಬೇರೆ ಹಾಕಲು ಆಗುವುದಿಲ್ಲ.

ಒಟ್ಟು 400 ಸೀಟು. 147 ಕ್ಷೇತ್ರಗಳಲ್ಲಿ ನಮ್ಮಲ್ಲಿಯಂತೆಯೇ, ಜಾಸ್ತಿ ಮತ ಪಡೆದವರು ಗೆಲ್ಲುತ್ತಾರೆ. 245 ಸೀಟು ಪಟ್ಟಿಗಳಿಗೆ ಮತದ ಪ್ರಮಾಣದಂತೆ ಹಂಚಿಕೆ. ಉಳಿದ 8 ಹೊರದೇಶದಲ್ಲಿರುವ ಇಟಲಿಯವರು ಆರಿಸುವುದು.

ಅಂದರೆ ಸಣ್ಣ ಪಕ್ಷಕ್ಕೆ ಎರಡು ದಾರಿ. ಸ್ವಂತ ಪಟ್ಟಿ ಗೆಲ್ಲಬೇಕು, ಇಲ್ಲವೇ ದೊಡ್ಡ ಮಿತ್ರಪಕ್ಷ ಕೆಲವು ಕ್ಷೇತ್ರ ಬಿಟ್ಟುಕೊಡಬೇಕು.

2. ಗೆರೆ ಎಲ್ಲಿದೆ, ಗುರುತಿಸಿ

ಪಟ್ಟಿಗೆ ಸೀಟು ಸಿಗಬೇಕಾದರೆ ದೇಶದಾದ್ಯಂತ ಶೇ 3 ಮತ ಬೇಕು. ಶೇ 1 ದಾಟಿ 3 ಮುಟ್ಟದಿದ್ದರೆ ಆ ಮತ ಹಾಳಾಗುವುದಿಲ್ಲ, ಆದರೆ ಅದರ ಲಾಭ ಮಿತ್ರಪಕ್ಷಗಳಿಗೆ ಹೋಗುತ್ತದೆ. ಶೇ 1ಕ್ಕಿಂತ ಕಡಿಮೆಯಾದರೆ ಯಾರಿಗೂ ಇಲ್ಲ. 2022ರಲ್ಲಿ ಪಿಯು ಯುರೋಪಾಗೆ ಬಂದದ್ದು ಶೇ 2.83. ಸುಮಾರು 50 ಸಾವಿರ ಮತ ಸಾಲದೆ ಹೋಯಿತು. ಅವರ ಮತದ ಬಲ ನಡು-ಎಡಪಂಥದ ದೊಡ್ಡ ಪಕ್ಷವಾದ ಡೆಮಾಕ್ರಟಿಕ್ ಪಕ್ಷದಂಥ ಮಿತ್ರರ ಪಟ್ಟಿಗೆ ಸೇರಿತು. ಮೈತ್ರಿಯಲ್ಲಿ ಸಿಕ್ಕ ಕ್ಷೇತ್ರಗಳಿಂದ ಪಿಯು ಯುರೋಪಾದ ರಿಕಾರ್ಡೊ ಮಾಜಿ ಮತ್ತು ಬೆನೆಡೆಟ್ಟೊ ದೆಲ್ಲಾ ವೆದೋವಾ ಗೆದ್ದರು. ಮೈತ್ರಿ ಇಲ್ಲದಿದ್ದರೆ ಆ ಎರಡೂ ಇರುತ್ತಿರಲಿಲ್ಲ ಅಲ್ವಾ? ಶೇಕಡಾವಾರು ಮಾತ್ರ ನೋಡಿದವರಿಗೆ ಇದು ಕಾಣುವುದೇ ಇಲ್ಲ.

3. ಕಣಕ್ಕೆ ಇಳಿಯಲು ಯಾರ ಕೈ ಹಿಡಿದರು, ಕೇಳಿ

ಸಂಸತ್ತಿನಲ್ಲಿ ಗುಂಪು ಇಲ್ಲದ ಪಕ್ಷ ಸ್ಪರ್ಧಿಸಲು ಸಾವಿರಾರು ಸಹಿ ಸಂಗ್ರಹಿಸಬೇಕು. 2018ರಲ್ಲಿ ಪಿಯು ಯುರೋಪಾಗೆ ಅಷ್ಟು ಸಮಯ ಇರಲಿಲ್ಲ. ಸಹಿಯ ವಿನಾಯಿತಿ ಇದ್ದ ಬ್ರೂನೊ ತಬಾಚ್ಚಿ ತಮ್ಮ ಸಣ್ಣ ಕ್ಯಾಥೊಲಿಕ್ ಒಲವಿನ ಪಕ್ಷದ ಹೆಸರನ್ನು ಜತೆಗೆ ಸೇರಿಸಲು ಒಪ್ಪಿದರು. ಗರ್ಭಪಾತದ ಹಕ್ಕಿಗಾಗಿ ಹೋರಾಡಿದ ಬೊನಿನೊಗೆ ಅವರು ಈ ಸಹಾಯ ಮಾಡಿದ್ದು ದೊಡ್ಡ ಮನಸ್ಸು ಎಂದೇ ನನಗೆ ಅನ್ನಿಸುತ್ತದೆ.

4. ತಾರೀಕು ಬರೆದಿಟ್ಟುಕೊಳ್ಳಿ

2022ರ ಆಗಸ್ಟ್ 2: ಡೆಮಾಕ್ರಟಿಕ್ ಪಕ್ಷದ ಎನ್ರಿಕೊ ಲೆತ್ತಾ, ನಡುಪಂಥದ ‘ಅತ್ಸಿಯೋನೆ’ ಪಕ್ಷದ ಕಾರ್ಲೊ ಕಲೆಂಡಾ ಮತ್ತು ಪಿಯು ಯುರೋಪಾ ಒಪ್ಪಂದಕ್ಕೆ ಬಂದರು. ಆಗಸ್ಟ್ 6: ಲೆತ್ತಾ ಹಸಿರು ಮತ್ತು ಎಡಪಕ್ಷಗಳ ಜತೆಗೂ ಕೈಜೋಡಿಸಿದರು. ಆಗಸ್ಟ್ 7: ಕಲೆಂಡಾ ಹೊರನಡೆದರು. ಅವರ ಜತೆಗೇ ಇದ್ದ ಪಿಯು ಯುರೋಪಾ ಮಾತ್ರ ಲೆತ್ತಾ ಬಳಿಯೇ ಉಳಿಯಿತು.

ರೋಮ್‌ನ ಒಂದು ಸೆನೆಟ್ (ಮೇಲ್ಮನೆ) ಕ್ಷೇತ್ರದಲ್ಲಿ ಬೊನಿನೊ ನಿಂತರು, ಅಲ್ಲೇ ಕಲೆಂಡಾ ಕೂಡ ನಿಂತರು. ಗೆದ್ದದ್ದು ಬಲಪಂಥದ ಅಭ್ಯರ್ಥಿ. ಹೆಚ್ಚುಕಮ್ಮಿ ಒಂದೇ ಮಾತು ಹೇಳುತ್ತಿದ್ದ ಇಬ್ಬರು ಒಂದೇ ಊರಿನ ಮತ ಹಂಚಿಕೊಂಡು ಸೋತರು. ಈ ಪಕ್ಷಗಳ ಕಥೆಯಲ್ಲಿ ನನಗೆ ತುಂಬಾ ಬೇಸರ ತರುವ ಭಾಗ ಇದು.

5. ಚುನಾವಣೆ ಬದಲಾದರೆ ಲೆಕ್ಕ ಹೊಸದಾಗಿ ಹಾಕಿ

ಯುರೋಪಿಯನ್ ಸಂಸತ್ತಿನ ಚುನಾವಣೆಯಲ್ಲಿ ಇಟಲಿಗೆ 76 ಸೀಟು. ಗೆರೆ ಶೇ 4. ಇಲ್ಲಿ ಬಿಟ್ಟುಕೊಡಲು ಕ್ಷೇತ್ರಗಳೇ ಇಲ್ಲ, ಸೇರುವುದಾದರೆ ಒಂದೇ ಪಟ್ಟಿ ಮಾಡಬೇಕು. 2024ರ ಜೂನ್‌ನಲ್ಲಿ ಪಿಯು ಯುರೋಪಾ ಮಾಜಿ ಪ್ರಧಾನಿ ಮತ್ತೆಯೊ ರೆಂಜಿ ಜತೆ ಸೇರಿತು. ರೆಂಜಿ ಇದ್ದಾರೆ ಅಂತ ಕಲೆಂಡಾ ಬರಲಿಲ್ಲ. ಮೊದಲ ಪಟ್ಟಿಗೆ ಶೇ 3.8ರ ಹತ್ತಿರ, ಕಲೆಂಡಾ ಪಟ್ಟಿಗೆ ಶೇ 3.3ರ ಆಸುಪಾಸು. ಇಬ್ಬರಿಗೂ ಸೊನ್ನೆ. ಅದೇ ದಿನ ಹಸಿರು ಮತ್ತು ಎಡಪಕ್ಷಗಳ ಜಂಟಿ ಪಟ್ಟಿ ಶೇ 6.8ರಷ್ಟು ಪಡೆದು 6 ಸೀಟು ಗೆದ್ದಿತು. ಎರಡು ಪಕ್ಷ ಸೇರಿದಾಗ ಮತ ಸಲೀಸಾಗಿ ಕೂಡಿಕೊಳ್ಳುವುದಿಲ್ಲ, ಕೆಲವರು ಮುನಿಸಿಕೊಂಡು ದೂರ ಹೋಗುತ್ತಾರೆ, ನಿಜ. ಆದರೂ ರೆಂಜಿ ಜತೆಗಿನ ಪಟ್ಟಿಯ ಮತ್ತು ಕಲೆಂಡಾ ಪಟ್ಟಿಯ ಅಂಕಿ ಕೂಡಿಸಿದರೆ ಶೇ 7 ದಾಟುತ್ತದೆ.

6. ಸೀಟಿನಾಚೆಗೂ ಒಮ್ಮೆ ನೋಡಿ

2024ರ ಸೆಪ್ಟೆಂಬರ್‌ನಲ್ಲಿ ಪಿಯು ಯುರೋಪಾದ ರಿಕಾರ್ಡೊ ಮಾಜಿ ಮತ್ತೆ ಸಹಿ ಸಂಗ್ರಹಕ್ಕೆ ಇಳಿದರು. ಪೌರತ್ವಕ್ಕೆ ಅರ್ಜಿ ಹಾಕಲು ಯುರೋಪ್ ಒಕ್ಕೂಟದ ಹೊರಗಿನವರು 10 ವರ್ಷ ಇಟಲಿಯಲ್ಲಿ ನೆಲೆಸಿರಬೇಕು. ಅದನ್ನು 5ಕ್ಕೆ ಇಳಿಸಲು ಜನಮತಗಣನೆ ಬೇಕು ಎಂದು ಕೇಳಿದರು. ಅಲ್ಲಿ ದುಡಿಯುವ ಭಾರತೀಯರಿಗೂ ತಟ್ಟುವ ವಿಷಯ ಇದು. ಈ ಸಲ ಆನ್‌ಲೈನ್‌ನಲ್ಲಿ ಸಹಿ ಹಾಕುವ ವ್ಯವಸ್ಥೆ ಇತ್ತು. ಕೆಲವೇ ವಾರಗಳಲ್ಲಿ 5 ಲಕ್ಷ ದಾಟಿತು. 2025ರ ಜೂನ್ 8 ಮತ್ತು 9ರಂದು ಮತದಾನ ನಡೆಯಿತು. ಅರ್ಧಕ್ಕಿಂತ ಹೆಚ್ಚು ಮತದಾರರು ಬರಬೇಕಿತ್ತು. ಬಂದವರು ಶೇ 30ರ ಆಸುಪಾಸು.